ರಸಬಾಳೆಯ ಸೀಮೆ

ಚಾಮುಂಡಿ ಬೆಟ್ಟದಿಂದ ದಕ್ಷಿಣಕ್ಕೆ ಇಳಿಯುವ ಬಯಲು ನಂಜನಗೂಡಿನ ಬಳಿ ಕಪಿಲೆಯ ದಡ ಮುಟ್ಟುತ್ತದೆ. ಮುಂದೆ ತಿರುಮಕೂಡಲಿನಲ್ಲಿ ಈ ನದಿ ಕಾವೇರಿಯನ್ನು ಸೇರುವುದರಿಂದ, ಮೈಸೂರಿನ ಸುತ್ತಲ ಊರುಗಳ ದೇವಾಲಯ, ಸಂತೆ, ಊಟಗಳೆಲ್ಲವೂ ಈ ಎರಡು ನೀರುಗಳಿಗೆ ಹೊಂದಿಕೊಂಡೇ ಬೆಳೆದಿವೆ. ಮೈಸೂರಿನ ರುಚಿಯೆಂದರೆ ಅರಮನೆಯ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪನವರ ಕೈಯಲ್ಲಿ ರೂಪುಗೊಂಡಿತೆನ್ನಲಾಗುವ ಮೈಸೂರು ಪಾಕವೇ ಮೊದಲು ನೆನಪಾಗುವುದು ಸಹಜವಾದರೂ, ಈ ನೆಲದ ನಿಜವಾದ ಸವಿ ನಂಜನಗೂಡಿನ ರಸಬಾಳೆಯಲ್ಲಿದೆ.

ಭೌಗೋಳಿಕ ಸೂಚಿಕೆ, ಎಂದರೆ ಹುಟ್ಟಿದ ನೆಲದ ಹೆಸರಿಗೆ ಕಾನೂನು ನೀಡುವ ರಕ್ಷಣೆ, ಪಡೆದಿರುವ ಈ ಹಣ್ಣು ಗಾತ್ರದಲ್ಲಿ ಗಮನ ಸೆಳೆಯುವಂಥದ್ದಲ್ಲ. ಮಾಗಿದಂತೆ ಹೊಂಬಣ್ಣಕ್ಕೆ ತಿರುಗುವ ಸಿಪ್ಪೆ ಕಾಗದದಷ್ಟು ತೆಳುವಾಗಿ, ಮೇಲೆ ಕಂದು ಚುಕ್ಕೆಗಳು ಮೂಡುತ್ತವೆ. ಸುಲಿದರೆ ಕೆನೆಬಣ್ಣದ, ನಾರಿಲ್ಲದ ತಿರುಳು ನಾಲಗೆಯ ಮೇಲೆ ಬೆಣ್ಣೆಯಂತೆ ಕರಗುತ್ತದೆ. ಚುಕ್ಕೆ ಕಂಡು ಕೊಳೆತಿದೆಯೆಂದು ಪಕ್ಕಕ್ಕಿಡುವ ಗ್ರಾಹಕರ ಮೇಲೆ ಕನಿಕರ ಪಡಬೇಕಷ್ಟೆ.

ಇಂಥ ರಸಬಾಳೆಯ ಬೆಳೆ ಈಗ ಹಿಂದೆ ಸರಿದಿದೆ; ಈ ಹಿನ್ನಡೆಗೆ ಮುಖ್ಯ ಕಾರಣ ಪನಾಮಾ ಸೊರಗು ರೋಗ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲ ಫ್ಯುಸೇರಿಯಂ ಎಂಬ ಶಿಲೀಂಧ್ರವು ಬೇರಿನಿಂದ ಒಳನುಗ್ಗಿ ನೀರು ಸಾಗುವ ನಾಳಗಳನ್ನು ಕಟ್ಟಿಹಾಕುವುದರಿಂದ ಎಲೆಗಳು ಹಳದಿಯಾಗಿ ಜೋತುಬೀಳುತ್ತವೆ, ಗಿಡ ಗೊನೆ ಬಿಡುವ ಮೊದಲೇ ಒಣಗುತ್ತದೆ. ರೋಗವಿರುವ ತೋಟದ ಕಂದನ್ನು ನೆಟ್ಟರೆ ರೋಗವನ್ನೂ ನೆಟ್ಟಂತೆಯೇ. ಆದ್ದರಿಂದ ಅಂಗಾಂಶ ಕೃಷಿಯಲ್ಲಿ, ಅಂದರೆ ಪ್ರಯೋಗಾಲಯದಲ್ಲಿ ಆರೋಗ್ಯವಂತ ಗಿಡದ ತುಣುಕಿನಿಂದ ಬೆಳೆಸಿದ ಸಸಿಗಳು ಈಗ ಬಳಕೆಗೆ ಬಂದಿವೆ. ಆದರೂ ಸೋಂಕು ತಗುಲಿದ ಮಣ್ಣಿಗೆ ಇಳಿದ ಮೇಲೆ ಆ ಸಸಿಗಳಿಗೂ ಅದೇ ಅಪಾಯ ತಪ್ಪಿದ್ದಲ್ಲ.