ಹಣೆಬರಹವೂ ಮನೋವಿಶ್ಲೇಷಣೆಯೂ

ಮನೋವಿಶ್ಲೇಷಣೆಯು ವಿಯೆನ್ನಾದ ವೈದ್ಯರ ಕೊಠಡಿಯಲ್ಲಿ ಹುಟ್ಟಿದ ವಿದ್ಯೆ; ನಮ್ಮ ಅಜ್ಜಿಯರ ಕಥೆಗಳಿಗೂ ಅದಕ್ಕೂ ಏನು ನಂಟು ಎನ್ನುವವರು ಎ. ಕೆ. ರಾಮಾನುಜನ್ ಅವರ ‘ದಿ ಇಂಡಿಯನ್ ಈಡಿಪಸ್’ ಎಂಬ ಇಂಗ್ಲಿಷ್ ಪ್ರಬಂಧವನ್ನು ಓದಬೇಕು.

ಗಂಡುಮಗು ತಾಯಿಯ ಒಲವಿಗಾಗಿ ತಂದೆಯನ್ನೇ ಎದುರಾಳಿಯೆಂದು ಬಗೆಯುತ್ತದೆ ಎಂಬುದು ಫ್ರಾಯ್ಡ್ ಮತ. ಇದಕ್ಕೆ ಗ್ರೀಕ್ ನಾಟಕದ ದೊರೆ ಈಡಿಪಸನೇ ಅವರ ನಿದರ್ಶನ. 1922ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಕಟ್ಟಿದ ಗಿರೀಂದ್ರಶೇಖರ ಬೋಸರು, ತಮ್ಮ ಭಾರತೀಯ ರೋಗಿಗಳಲ್ಲಿ ಕಂಡದ್ದು ಬೇರೆಯೆಂದು ಫ್ರಾಯ್ಡ್‌ಗೇ ಪತ್ರ ಬರೆದರು. ರಾಮಾನುಜನ್ನರು ಅದೇ ಪ್ರಶ್ನೆಯನ್ನು ಕಥೆಗಳ ಮುಂದಿಟ್ಟರು.

ಅವರು ಎತ್ತಿಕೊಂಡದ್ದು ಕನ್ನಡದ ಒಂದು ಜನಪದ ಕಥೆ. ಹೆತ್ತ ಮಗನನ್ನೇ ವರಿಸುವಳೆಂಬ ಹಣೆಬರಹ ಹೊತ್ತ ಹುಡುಗಿ ಕಾಡು ಸೇರುತ್ತಾಳೆ. ಹುಟ್ಟಿದ ಕೂಸನ್ನು ಸೀರೆಯಲ್ಲಿ ಸುತ್ತಿ ಹೊಳೆಗೆ ಬಿಡುತ್ತಾಳೆ. ಬರಹ ತಪ್ಪುವುದಿಲ್ಲ. ಮದುವೆಯಾಗಿ ಮತ್ತೊಂದು ಕೂಸು ಹುಟ್ಟಿದ ಮೇಲೆ ಹಳೆಯ ಸೀರೆ ಕಣ್ಣಿಗೆ ಬಿದ್ದು ಸತ್ಯ ತಿಳಿಯುತ್ತದೆ. ನಂಟುಗಳೆಲ್ಲ ಸಿಕ್ಕುಗೊಂಡ ಜೋಗುಳವನ್ನು ಹಾಡಿ ಪ್ರಾಣ ಬಿಡುತ್ತಾಳೆ. ಗ್ರೀಕರದು ಮಗನ ಕಥೆ, ನಮ್ಮದು ತಾಯಿಯ ಕಥೆ ಎಂಬುದನ್ನು ರಾಮಾನುಜನ್ನರು ಸೂಕ್ಷ್ಮವಾಗಿ ಕಂಡಿದ್ದಾರೆ. ನಮ್ಮ ಪುರಾಣಗಳಲ್ಲಿ ಮಗನು ತಂದೆಯನ್ನು ಕೊಲ್ಲುವುದು ವಿರಳ. ಪೂರು ಯಯಾತಿಗೆ ಯೌವನವನ್ನೇ ಕೊಡುತ್ತಾನೆ, ಭೀಷ್ಮನು ಶಂತನುವಿಗಾಗಿ ಸಂಸಾರವನ್ನೇ ತೊರೆಯುತ್ತಾನೆ. ಈ ಜೋಡಣೆಯಲ್ಲಿ ಅವರ ವಿದ್ವತ್ತಿನ ಹಿರಿಮೆಯಿದೆ.

ಆದರೆ ನಮಗೊಂದು ಶಂಕೆ. ಈಡಿಪಸನನ್ನು ತಿರುಗಿಸಿ ನಿಲ್ಲಿಸಿದರೂ ಅಳತೆಗೋಲು ಈಡಿಪಸನೇ ಆಗಿ ಉಳಿಯುತ್ತಾನೆ. ಫ್ರಾಯ್ಡ್ ಹೇಳುವುದು ಅಡಗಿದ ಬಯಕೆಯನ್ನು. ಕಥೆ ಹೇಳುವುದು ಹಣೆಬರಹವನ್ನು. ಆ ಹುಡುಗಿ ಬಯಸಿದವಳಲ್ಲ, ಓಡಿಹೋದವಳು. ಅವಳ ಭಯವನ್ನೂ ಮರೆಮಾಚಿದ ಬಯಕೆಯೆಂದೇ ಓದಿದರೆ, ತಪ್ಪಿಸಿಕೊಳ್ಳಲು ಅವಳು ಪಟ್ಟ ಪಾಡಿಗೆ ಬೆಲೆಯೆಲ್ಲಿ? ಚಿಕಿತ್ಸೆಯಲ್ಲಾದರೆ ವೈದ್ಯರ ಅರ್ಥಕ್ಕೆ ರೋಗಿ ‘ಹಾಗಲ್ಲ’ ಎನ್ನಬಲ್ಲನು. ಕಥೆಗೆ ಆ ಅವಕಾಶವಿಲ್ಲ. ಅದರ ಪರವಾಗಿ ಮಾತನಾಡಬಲ್ಲವರು ಹೇಳಿದವರೂ ಕೇಳಿದವರೂ ಮಾತ್ರ.

ಗಡಿಯಾಚೆಯ ನಮ್ಮ ಮನೆಗಳಲ್ಲಿ ಅಂಥ ಕಥೆ ಹೇಳುವ ಮುದುಕಿಯರು ಇನ್ನೂ ಇದ್ದಾರೆ. ಮೊಮ್ಮಕ್ಕಳು ಬೇರೆ ನುಡಿಯಲ್ಲಿ ಕಲಿಯುತ್ತಿದ್ದಾರೆ. ಕಥೆಯನ್ನಷ್ಟೇ ಬರೆದಿಟ್ಟರೆ ಸಾಲದು. ಹೇಳುವಾಗ ಅಜ್ಜಿ ಎಲ್ಲಿ ತಡೆದಳು, ಎಲ್ಲಿ ಕಣ್ಣೊರೆಸಿಕೊಂಡಳು, ಯಾರಿಗೆ ಹೇಳಲು ಒಲ್ಲೆನೆಂದಳು ಎಂಬುದನ್ನೂ ಬರೆದಿಡೋಣ. ಮುಂದಿನ ವಿದ್ವಾಂಸರಿಗೆ ‘ಹಾಗಲ್ಲ’ ಎನ್ನಬಲ್ಲ ಸಾಕ್ಷಿ ಅದೊಂದೇ.