ಖಡಕಿಯ ಮನೆಯೊಳಗೆ ಹಬ್ಬುವ ಹವಳ

ಸಮುದ್ರಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿ, ಮುಳಾ ನದಿಯ ದಂಡೆಯಲ್ಲಿರುವ ದಂಡುಪ್ರದೇಶ ಪುಣೆಯ ಖಡಕಿ. ಇಲ್ಲಿ ಮನೆಯೊಳಗೆ ಹವಳ ಬೆಳೆಸಬೇಕೆಂದರೆ ಕಡಲನ್ನೇ ಕೈಯಾರೆ ಕಲಸಿಕೊಳ್ಳಬೇಕು: ಶುದ್ಧೀಕರಿಸಿದ ನೀರು, ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, 25–26 ಡಿಗ್ರಿ ಉಷ್ಣತೆ. ಪುಣೆಯ ಬೇಸಿಗೆ 40 ಡಿಗ್ರಿ ಮುಟ್ಟುವಾಗ ನೀರು ತಂಪಾಗಿಸುವ ಚಿಲ್ಲರ್ ಇಲ್ಲದೆ ನಡೆಯದು.

ಈ ಶ್ರಮಕ್ಕೆ ಬೇಗ ಒಲಿಯುವುದು ‘ಗ್ರೀನ್ ಸ್ಟಾರ್ ಪಾಲಿಪ್’ ಎಂಬ ಹವಳ. ಅದರ ನೇರಳೆ ಹಾಸು ಕಲ್ಲಿಂದ ಕಲ್ಲಿಗೆ, ಕೊನೆಗೆ ಗಾಜಿನ ಮೇಲೂ ಗರಿಕೆಯಂತೆ ಹಬ್ಬುತ್ತದೆ. ದೀಪ ಹತ್ತಿದ ಮೇಲೆ ಆ ಹಾಸಿನಿಂದ ನೂರಾರು ಹಸಿರು ಪಾಲಿಪ್‌ಗಳು ಮೇಲೇಳುತ್ತವೆ. ಒಂದೊಂದಕ್ಕೂ ಎಂಟೇ ಎಂಟು ಎಸಳು. ಮುಟ್ಟಿದರೆ ಅಷ್ಟೂ ಒಳಗೆ. ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿ ಬೆಳಕಿನಿಂದ ಅನ್ನ ತಯಾರಿಸಿ ಹವಳಕ್ಕೂ ಹಂಚುತ್ತದೆ.

ಝೀನಿಯಾ ಎಂಬ ಮತ್ತೊಂದು ಹವಳ ಇನ್ನೂ ಸೊಗಸು. ಅದರ ಪುಟ್ಟ ಕೈಗಳು ಹಗಲಿರುಳು ಮುಚ್ಚಿ ತೆರೆಯುತ್ತಿರುತ್ತವೆ. ಇದರ ಬಂಧು ಹೆಟೆರೋಝೀನಿಯಾದ ಮಿಡಿತಕ್ಕೆ ಇಸ್ರೇಲಿನ ವಿಜ್ಞಾನಿಗಳು 2013ರಲ್ಲಿ ಕಾರಣ ತೋರಿಸಿದರು: ಮಿಡಿತವು ಹೆಚ್ಚುವರಿ ಆಮ್ಲಜನಕವನ್ನು ಹೊರದಬ್ಬಿ ದ್ಯುತಿಸಂಶ್ಲೇಷಣೆಗೆ ಬಲ ತುಂಬುತ್ತದೆ.

ಹಬ್ಬುವ ಗುಣಕ್ಕೆ ಎಲ್ಲೆಯೂ ಬೇಕು. ಸುತ್ತ ಬರೀ ಮರಳಿರುವ ಒಂಟಿ ಕಲ್ಲಿನ ಮೇಲೆ ಇವನ್ನು ಕೂರಿಸಿದರೆ ನೆರೆಯ ಹವಳಗಳು ಉಳಿಯುತ್ತವೆ. ಕತ್ತರಿಸಿದ ತುಂಡು ಮತ್ತೊಂದು ತೊಟ್ಟಿಯಲ್ಲಿ ಚಿಗುರುತ್ತದೆ. ಈ ಗುಣದ ನಿಜವಾದ ಬೆಲೆ ಇರುವುದೇ ಇಲ್ಲಿ: ಕಡಲಿನ ಹವಳವನ್ನು ಕೀಳಬೇಕಾಗಿಲ್ಲ. ದಿಬ್ಬ ಕಟ್ಟುವ ಹವಳಗಳಿಗೆ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಹವಳ ನೇತ್ರಾಣಿಯಲ್ಲೇ ಇರಬೇಕು. ಮನೆಗೆ ತೊಟ್ಟಿಯಲ್ಲೇ ಬೆಳೆದ, ದಾಖಲೆಯಿರುವ ತುಂಡು ಸಾಕು.