ಖೌಡಾ ನಗರದ ಸ್ಟ್ರೋಪ್‌ವಾಫೆಲ್

ನೆದರ್‌ಲ್ಯಾಂಡ್ಸಿನ ಖೌಡಾ ನಗರದಲ್ಲಿ, 15ನೆಯ ಶತಮಾನದ ಪುರಭವನವು ನಡುವೆ ನಿಂತಿರುವ ಸಂತೆಯ ಚೌಕದಲ್ಲಿ, ಮಿತ್ರರೊಡಗೂಡಿ ಬಿಸಿ ಸ್ಟ್ರೋಪ್‌ವಾಫೆಲನ್ನು ಸವಿಯುವ ತರುಣ ಪ್ರವಾಸಿಯ ಭಾಗ್ಯವು ನಿಜಕ್ಕೂ ದೊಡ್ಡದು. ಕಣಕದ ಉಂಡೆಯನ್ನು ಕಾದ ಕಬ್ಬಿಣದ ಅಚ್ಚುಗಳ ನಡುವೆ ಒತ್ತಿ, ಚೌಕುಳಿ ಗೆರೆಗಳು ಮೂಡಿದ ಆ ತೆಳುಬಿಲ್ಲೆಯನ್ನು ಬಿಸಿಯಾಗಿರುವಾಗಲೇ ಅಡ್ಡಲಾಗಿ ಸೀಳಿ, ಬೆಣ್ಣೆ, ಕಂದು ಸಕ್ಕರೆ, ದಾಲ್ಚಿನ್ನಿಗಳು ಬೆರೆತ ಪಾಕವನ್ನು ಒಳಗೆ ಸವರಿ, ಎರಡು ಪದರಗಳನ್ನೂ ಮತ್ತೆ ಕೂಡಿಸುವ ಕುಶಲಿಯ ಹಸ್ತಲಾಘವವಂತೂ ನೋಡತಕ್ಕದ್ದೇ ಸರಿ. ತುಸು ತಡವಾದರೂ ಬಿಲ್ಲೆಯು ಗರಿಗಟ್ಟಿ ಮುರಿದುಹೋಗುವುದು. ತಣಿದುದನ್ನು ಬಿಸಿ ಕಾಫಿಯ ಬಟ್ಟಲಿನ ಮೇಲೆ ಮುಚ್ಚಿಟ್ಟರೆ, ಹಬೆಗೆ ಪಾಕವು ಪುನಃ ಮೃದುವಾಗುತ್ತದೆ. ಸಮೀಪದಲ್ಲೇ ಇರುವ, 123 ಮೀಟರ್ ಉದ್ದದ ಸಂತ ಯೋಹಾನರ ಚರ್ಚಿನಲ್ಲಿ 16ನೆಯ ಶತಮಾನದ ವರ್ಣಗಾಜಿನ ಕಿಟಕಿಗಳೂ ದರ್ಶನೀಯವೇ. ಆದರೂ ಅಲ್ಲಿಗೆ ಹೋಗುವವರು ಮೊದಲು ಒಲೆಯ ಬಳಿ ನಿಂತು, ಆಗತಾನೇ ಮಾಡಿದುದನ್ನೇ ಕೇಳಿ ತಿನ್ನಲಿ.